ಲೊಕ್ಕಿಗುಂಡಿಯ ಟಂಕಸಾಲೆ: ಬೆಳ್ವೊಲ-ಪುಲಿಗೆರೆ ನಾಡುಗಳ ನಾಣ್ಯಗಳೂ ರಾಜಬಿರುದುಗಳೂ

ಲೊಕ್ಕಿಗುಂಡಿಯ ಟಂಕಸಾಲೆಯು ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳ ಆಳ್ವಿಕೆಯಲ್ಲಿ ಚಿನ್ನದ ನಾಣ್ಯಗಳನ್ನು ಅಚ್ಚೊತ್ತುತ್ತಿದ್ದ ಎರಡು ಮುಖ್ಯ ಕಮ್ಮಟಗಳಲ್ಲಿ ಒಂದು, ಇನ್ನೊಂದು ಸೂಡಿಯದು. ಲೊಕ್ಕಿಗುಂಡಿಯೆಂಬುದು ಗದಗ-ಬೆಟಗೇರಿಯಿಂದ ಪೂರ್ವಕ್ಕೆ ಸುಮಾರು 12 ಕಿಲೋಮೀಟರು ದೂರದಲ್ಲಿ, ಹೊಸಪೇಟೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಇಂದಿನ ಲಕ್ಕುಂಡಿ. ಈ ಕಮ್ಮಟದಿಂದ ಹೊರಟ ಹೊನ್ನು 'ಲೊಕ್ಕಿ ಗದ್ಯಾಣ'ವೆಂಬ ಹೆಸರನ್ನು ಪಡೆದು, ಊರಿನ ಎಲ್ಲೆಯನ್ನು ದಾಟಿ, ಬೇರೆ ಬೇರೆ ನಾಡುಗಳ ದಾನಶಾಸನಗಳಲ್ಲಿ ಪ್ರಮಾಣದ ನಾಣ್ಯವೆಂದು ಉಲ್ಲೇಖಗೊಂಡಿತು. ಈ ಕಾಲದ ನಾಣ್ಯಗಳ ಮೇಲೆ ಕಮ್ಮಟದ ಹೆಸರಾಗಲಿ ವರ್ಷವಾಗಲಿ ಇಲ್ಲ. ಅರಸನ ನಿಜನಾಮವೂ ಬಹುಮಟ್ಟಿಗೆ ಇಲ್ಲ. ಇರುವುದು ಅವನ ಬಿರುದು, ಅದೂ ಅರ್ಧಕ್ಕೆ ತುಂಡಾದ ಬಿರುದು. ನಾಣ್ಯದಲ್ಲಿಲ್ಲದ ಹೆಸರನ್ನೂ ತಿಥಿಯನ್ನೂ ಕಲ್ಲಿನ ಶಾಸನವು ಹೇಳುತ್ತದೆ. ಶಾಸನದಲ್ಲಿ ಬರಿಯ ಶಬ್ದವಾಗಿ ಉಳಿದಿರುವ ಗದ್ಯಾಣಕ್ಕೆ ತೂಕವನ್ನೂ ರೂಪವನ್ನೂ ನಾಣ್ಯವು ಕೊಡುತ್ತದೆ. ಆದುದರಿಂದ ಇವೆರಡನ್ನೂ ಕೂಡಿಸಿ ಓದಿದಲ್ಲದೆ ಯಾವೊಂದೂ ಪೂರ್ಣವಾಗಿ ಅರ್ಥವಾಗಲಾರದು.

ಲೋಹದ ಬಿಲ್ಲೆಯ ಮೇಲೆ ರಾಜಲೇಖವನ್ನು ಒತ್ತುವ ಪದ್ಧತಿ ಕನ್ನಡನಾಡಿಗೆ ಕಲ್ಯಾಣದವರಿಂದ ಬಂದುದಲ್ಲ. ಅದಕ್ಕೂ ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಅದು ರೂಢವಾಗಿತ್ತು. ಅದೇ ಕಾಲದಲ್ಲಿ ಅರೇಬಿಯದ ಉತ್ತರದಂಚಿನಲ್ಲಿ ಪೆಟ್ರಾ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡು ಸುಗಂಧದ್ರವ್ಯಗಳ ಸಾರ್ಥವಾಹ ವ್ಯಾಪಾರದಿಂದ ಸಮೃದ್ಧರಾಗಿದ್ದ ನಬತೀಯ ಅರಸರು ತಮ್ಮ ಕಂಚಿನ ನಾಣ್ಯಗಳ ಮೇಲೆ ತಮ್ಮದೇ ಲಿಪಿಯಲ್ಲಿ ಹೆಸರನ್ನು ಬರೆಯಿಸುತ್ತಿದ್ದರು. ಕ್ರಿ.ಪೂ. 9ರಿಂದ ಕ್ರಿ.ಶ. 40ರವರೆಗೆ ಆಳಿದ ನಾಲ್ವಡಿ ಅರೆತಾಸನು ತನ್ನ ನಾಣ್ಯಲೇಖದಲ್ಲಿ 'ತನ್ನ ಜನರನ್ನು ಪ್ರೀತಿಸುವವನು' ಎಂಬ ವಿಶೇಷಣವನ್ನು ಧರಿಸಿದ್ದನು. ಅವನ ಅನೇಕ ಕಂಚಿನ ನಾಣ್ಯಗಳಲ್ಲಿ ರಾಣಿ ಶಕೀಲತಳ ಹೆಸರೂ ಕಾಣುತ್ತದೆ. ಕ್ರಿ.ಶ. 106ರಲ್ಲಿ ರೋಮಿನ ತ್ರಾಜಾನ ಚಕ್ರವರ್ತಿಯು ಆ ರಾಜ್ಯವನ್ನು ಸ್ವಾಧೀನಪಡಿಸಿಕೊಂಡನು. ಪೆಟ್ರಾದ ದೊರೆ ಮಾಲಿಕಸನನ್ನು ಹೆಸರಿಸುವ ಪೆರಿಪ್ಲಸ್ ಎಂಬ ಗ್ರೀಕ್ ನೌಕಾಗ್ರಂಥವೇ ಪೈಠಣ, ತಗರಗಳ ಪೇಟೆಗಳನ್ನೂ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳನ್ನೂ ವರ್ಣಿಸುತ್ತದೆಂಬುದನ್ನು ನೆನೆದರೆ, ದೂರದ ಆ ರಾಜ್ಯವೂ ನಮ್ಮ ನಾಡೂ ಒಂದೇ ವಾಣಿಜ್ಯಜಾಲದ ಎರಡು ತುದಿಗಳಲ್ಲಿದ್ದುವೆಂಬುದು ಮನದಟ್ಟಾಗುತ್ತದೆ.

ಕನ್ನಡನಾಡಿನಲ್ಲಿ ಆ ಯುಗದ ಅಗ್ಗದ ಲೋಹವು ಕಂಚಲ್ಲ, ಸೀಸ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ನಡೆಸಿದ ಉತ್ಖನನಗಳು ಶಾತವಾಹನಯುಗದ ಸೀಸದ ನಾಣ್ಯಗಳನ್ನೂ ರೋಮಿನ ಬೆಳ್ಳಿಯ ನಾಣ್ಯಗಳನ್ನೂ ಒಂದೇ ನೆಲೆಯಲ್ಲಿ ಬೆಳಕಿಗೆ ತಂದುವು. ಸದಕಣ ಕಳಲಾಯ ಮಹಾರಥಿಯ ಹೆಸರುಳ್ಳ ಸೀಸದ ದಪ್ಪ ಬಿಲ್ಲೆಗಳೂ, ಬನವಾಸಿ-ಕಾರವಾರಗಳ ಕಡೆಯಲ್ಲಿ ದೊರೆತ ಚುಟುಕುಲಾನಂದ, ಮುಳಾನಂದ ಎಂಬ ಅರಸರ ಬ್ರಾಹ್ಮೀ ಲೇಖದ ನಾಣ್ಯಗಳೂ ಇದೇ ವರ್ಗಕ್ಕೆ ಸೇರಿದುವು. ಅವುಗಳ ಭಾಷೆ ಪ್ರಾಕೃತ. ಅರಸನ ಹೆಸರು ಷಷ್ಠೀ ವಿಭಕ್ತಿಯಲ್ಲಿದ್ದು, 'ಇಂತಹ ರಾಜನದು' ಎಂದಷ್ಟೇ ಹೇಳುತ್ತದೆ. ನಾಣ್ಯವು ಯಾರದೆಂದು ತಿಳಿಸುವುದು ಆ ಲೇಖದ ಉದ್ದೇಶವಾಗಿತ್ತು. ಚಾಲುಕ್ಯರ ಕಾಲಕ್ಕೆ ಉದ್ದೇಶವು ಅರಸನ ಪ್ರತಾಪವನ್ನು ಸಾರುವುದಾಯಿತು.

ಕಮ್ಮಟವು ನೆಲೆಗೊಂಡ ನಾಡಿನ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇಂದಿನ ಗದಗ ಸೀಮೆಯ ಬಹುಭಾಗವು ಶಾಸನಗಳ 'ಬೆಳ್ವೊಲ ಮುನ್ನೂರು'. ಅದರ ನೈಋತ್ಯಕ್ಕೆ ಲಕ್ಷ್ಮೇಶ್ವರವನ್ನು ಮುಖ್ಯಸ್ಥಾನವಾಗಿ ಉಳ್ಳ 'ಪುಲಿಗೆರೆ ಮುನ್ನೂರು'. ಸೂಡಿಯು ಕಿಸುಕಾಡು ಎಪ್ಪತ್ತಕ್ಕೆ ಸೇರಿದ್ದು, ಇಮ್ಮಡಿ ಜಯಸಿಂಹನ ಸೋದರಿಯೂ ರಾಜನೀತಿನಿಪುಣೆಯೂ ಆದ ಅಕ್ಕಾದೇವಿಯ ಆಳ್ವಿಕೆಯನ್ನು ಕಂಡಿತ್ತು. ಈ ಭಾಗದ ಕರಿಯ ಎರೆಮಣ್ಣು ಹತ್ತಿ-ಜೋಳಗಳಿಗೆ ಹೆಸರಾದುದು. ಆದರೆ ಗದಗಿನ ದಕ್ಷಿಣದಿಂದ ಶಿರಹಟ್ಟಿ, ಮುಂಡರಗಿಗಳ ಮೇಲೆ ಹಾದು ತುಂಗಭದ್ರೆಯ ಕಡೆಗೆ ಇಳಿಯುವ ಕಪ್ಪತಗುಡ್ಡದ ಸಾಲು ಬೇರೊಂದು ಸಂಪತ್ತನ್ನು ಒಡಲಲ್ಲಿ ಇಟ್ಟುಕೊಂಡಿದೆ. ಡೋಣಿ, ಸೊರಟೂರುಗಳ ಹಳ್ಳಗಳ ಮರಳನ್ನು ಮರದ ತಟ್ಟೆಯಲ್ಲಿ ತೊಳೆದು ಹೊನ್ನಿನ ಕಣಗಳನ್ನು ಬೇರ್ಪಡಿಸುತ್ತಿದ್ದ ಜಲಗಾರರು 19ನೆಯ ಶತಮಾನದಲ್ಲಿಯೂ ಇಲ್ಲಿ ತಮ್ಮ ಕಸುಬನ್ನು ನಡೆಸುತ್ತಿದ್ದರು. ಭೂವಿಜ್ಞಾನಿ ಬ್ರೂಸ್ ಫೂಟ್ ಅವರು 1874ರಲ್ಲಿ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಪ್ರಬಂಧವನ್ನೇ ಪ್ರಕಟಿಸಿದರು. 20ನೆಯ ಶತಮಾನದ ಮೊದಲಲ್ಲಿ ಕಂಪನಿಗಳು ಇಲ್ಲಿ ಗಣಿಗಳನ್ನು ತೋಡಿ, ಲಾಭ ಸಾಲದೆ ಕೈಬಿಟ್ಟುವು. ಸಾಮ್ರಾಜ್ಯದ ರಾಜಧಾನಿ ಕಲ್ಯಾಣವು ಬಹುದೂರದ ಉತ್ತರದಲ್ಲಿದ್ದರೂ ಅದರ ಎರಡು ಮುಖ್ಯ ಕಮ್ಮಟಗಳು ಬೆಳ್ವೊಲ-ಕಿಸುಕಾಡುಗಳಲ್ಲಿ ಒಂದಕ್ಕೊಂದು ಸಮೀಪವಾಗಿಯೇ ನೆಲೆಸಿದುದಕ್ಕೆ ಕಪ್ಪತಗುಡ್ಡದ ಹೊನ್ನು, ಬಹುಕಾಲದಿಂದ ಇಲ್ಲಿ ನೆಲೆಯೂರಿದ್ದ ವರ್ತಕಸಂಘಗಳ ಬಲ, ಇವೆರಡೂ ಕಾರಣವಾಗಿರಬೇಕೆಂದು ಊಹಿಸುವುದು ಯುಕ್ತವಾಗಿದೆ.

ವರ್ತಕರ, ಕುಶಲಕರ್ಮಿಗಳ ಸಂಘಟನೆಯಂತೂ ಈ ನಾಡಿನಲ್ಲಿ ಕಮ್ಮಟಕ್ಕಿಂತ ಬಹಳ ಹಳೆಯದು. ಬಾದಾಮಿಯ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಸುಮಾರು ಕ್ರಿ.ಶ. 725ರಲ್ಲಿ ಪುಲಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಬರೆಯಿಸಿಕೊಟ್ಟ ವ್ಯವಸ್ಥಾಶಾಸನವು ಲಕ್ಷ್ಮೇಶ್ವರದಲ್ಲಿ ದೊರೆತಿದೆ. ಒಂದು ನಗರದ ಹಕ್ಕು-ಬಾಧ್ಯತೆಗಳನ್ನು ಇಷ್ಟು ವಿಶದವಾಗಿ ನಿರೂಪಿಸುವ ಲೇಖವು ಆ ಕಾಲದ ದಕ್ಷಿಣದಲ್ಲಿ ಅತಿ ವಿರಳ. ಒಕ್ಕಲುಗಳು ತಮ್ಮ ತಮ್ಮ ಶಕ್ತ್ಯನುಸಾರ ಸಲ್ಲಿಸಬೇಕಾದ ತೆರಿಗೆಗಳನ್ನು ಅದು ನಿಯಮಿಸುತ್ತದೆ. ಕಾರ್ತಿಕಮಾಸದಲ್ಲಿ ಸಲ್ಲತಕ್ಕುದನ್ನು ಕಂಚುಗಾರರ ಶ್ರೇಣಿಯಲ್ಲಿ ಕಟ್ಟಬೇಕೆಂದು ವಿಧಿಸುತ್ತದೆ. ಲೋಹದ ಕೆಲಸದವರ ಸಂಘವೊಂದು ರಾಜಾದಾಯವನ್ನು ಸ್ವೀಕರಿಸುವಷ್ಟು ವಿಶ್ವಾಸಕ್ಕೆ ಪಾತ್ರವಾಗಿತ್ತೆಂಬ ಈ ಸಂಗತಿಯನ್ನು ನಾಣ್ಯದ ಇತಿಹಾಸವನ್ನು ಬರೆಯುವವರು ಇನ್ನೂ ಹೆಚ್ಚು ಲಕ್ಷ್ಯದಿಂದ ಕಾಣಬೇಕಾಗಿದೆ. ಮುಂಡರಗಿ ತಾಲೂಕಿನ ಡಂಬಳ, ಎಂದರೆ ಶಾಸನಗಳ ಧರ್ಮವೊಳಲು, ಇನ್ನೊಂದು ನಿದರ್ಶನ. ಅಲ್ಲಿಯ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರಕ್ಕೂ ತಾರಾದೇವಿಗೂ ಸಂದ ದತ್ತಿಯನ್ನು ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನವು ದಾಖಲಿಸುತ್ತದೆ. ಬೌದ್ಧಮತವು ಕನ್ನಡನಾಡಿನಲ್ಲಿ ಬಹುಮಟ್ಟಿಗೆ ಕ್ಷೀಣಿಸಿದ್ದ ದಿನಗಳಲ್ಲಿ ವರ್ತಕರ ಹೊನ್ನು ಅದನ್ನು ಇಲ್ಲಿ ಪೋಷಿಸುತ್ತಿತ್ತು.

ಇನ್ನು ನಾಣ್ಯಗಳ ರಚನೆ. ಕಲ್ಯಾಣದ ಚಾಲುಕ್ಯರ ಹೊನ್ನುಗಳು ಅಗಲವಾದ, ತೆಳುವಾದ, ತುಸು ಬಟ್ಟಲಿನಂತೆ ತಗ್ಗಿದ ಬಿಲ್ಲೆಗಳು. ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಬಿಲ್ಲೆಯನ್ನಿಟ್ಟು ಒಂದೇ ಪೆಟ್ಟಿಗೆ ಎರಡು ಮುಖಗಳನ್ನೂ ಮೂಡಿಸುವ ಕ್ರಮ ಇವುಗಳದಲ್ಲ. ಅಕ್ಕಸಾಲಿಗನು ಸಿಂಹ, ತಾವರೆ, ಭಲ್ಲೆಯ ಮೊನೆ, ಕನ್ನಡದ 'ಶ್ರೀ'ಕಾರ, ಬಿರುದಿನ ಅಕ್ಷರಗಳು, ಇವುಗಳಿಗೆ ಒಂದೊಂದು ಬೇರೆ ಮುದ್ರೆಯುಳಿಯನ್ನು ಇಟ್ಟುಕೊಂಡು, ಒಂದಾದ ಮೇಲೊಂದರಂತೆ ಬಿಲ್ಲೆಯ ಮುಖದ ಮೇಲೆ ಒತ್ತುತ್ತಿದ್ದನು. ಹಿಂಬದಿಯು ಸಾಮಾನ್ಯವಾಗಿ ಬರಿದಾಗಿಯೇ ಉಳಿಯುತ್ತಿತ್ತು. ಒಂದು ಮುದ್ರೆಯ ಅಂಚು ಇನ್ನೊಂದರ ಮೇಲೆ ಹಾಯುವುದೂ, ಅಕ್ಷರಗಳ ಕೊನೆ ಬಿಲ್ಲೆಯ ಹೊರಗೆ ಜಾರಿಹೋಗುವುದೂ ಇದರಿಂದ ಸಹಜವಾಯಿತು. ಒಂದೇ ಅರಸನ ಎರಡು ನಾಣ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮುದ್ರೆಗಳು ಅವೇ ಆದರೂ ಅವುಗಳ ವಿನ್ಯಾಸವು ಒಂದೇ ಆಗಿರುವುದಿಲ್ಲ. ಪ್ರತಿಯೊಂದು ಬಿಲ್ಲೆಯೂ ಒಬ್ಬ ಕುಶಲಿಯ ಕೈಯ ಪ್ರತ್ಯೇಕ ಕೃತಿ. ಚಿನ್ನದ ಶುದ್ಧಿಯನ್ನು ಒರೆಗಲ್ಲಿನಲ್ಲಿ ತೀಡಿ ಬಣ್ಣದಿಂದ ನಿರ್ಣಯಿಸುತ್ತಿದ್ದರು. ಬೇರೆ ಬೇರೆ ಬಣ್ಣದ ಹೊನ್ನುಗಳನ್ನು ಕರಗಿಸಿ ಕೂಡಿಸಿದಾಗ ದೊರೆವ ಶುದ್ಧಿಯನ್ನು ಲೆಕ್ಕಹಾಕುವ ವಿಧಾನವನ್ನು ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಆಗಲೇ ಕ್ರಮಬದ್ಧವಾಗಿ ನಿರೂಪಿಸಿದ್ದನು.

ತೂಕದ ಪರಂಪರೆಯಲ್ಲಿ ಗದ್ಯಾಣವು ಅತ್ಯಂತ ಹಿರಿದು. ಅದರ ಪೂರ್ಣಪ್ರಮಾಣವನ್ನು ವಿದ್ವಾಂಸರು 96 ಗ್ರೇನುಗಳೆಂದು, ಎಂದರೆ 6 ಗ್ರಾಮಿಗೆ ಸ್ವಲ್ಪ ಮೇಲೆಂದು ಗಣಿಸಿದ್ದಾರೆ; ದ್ರಮ್ಮಕ್ಕೆ 65, ಕಳಂಜಿಗೆ 48, ಕಾಸಿಗೆ 15 ಗ್ರೇನುಗಳು; ಮಂಜಾಡಿ, ಅಕ್ಕಗಳು ಗುಲಗಂಜಿಯ ಪ್ರಮಾಣದ ಅತಿ ಸೂಕ್ಷ್ಮ ತೂಕಗಳು. ಲೆಕ್ಕದ ರೂಢಿಯಲ್ಲಿ ಹತ್ತು ಪಣಕ್ಕೆ ಒಂದು ಗದ್ಯಾಣ. ಪಣದ ಕಾಲುಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ.

ನಾಣ್ಯಗಳ ಮೇಲಿನ ರಾಜಲೇಖಗಳೇ ಈ ವಿಷಯದ ಹೃದಯಭಾಗ. ಇಮ್ಮಡಿ ಜಯಸಿಂಹನ (1015-1043) ನಾಣ್ಯಗಳಲ್ಲಿ 'ಶ್ರೀ ಜಯ' ಎಂದಿದೆ. ಮೊದಲನೆಯ ಸೋಮೇಶ್ವರನ (1043-1068) ನಾಣ್ಯಗಳಲ್ಲಿ ತ್ರೈಲೋಕ್ಯಮಲ್ಲನೆಂಬ ಬಿರುದಿನ ಅಕ್ಷರಗಳು ಬಿಡಿಬಿಡಿಯಾಗಿ ಮೂಡಿವೆ. ಇಮ್ಮಡಿ ಸೋಮೇಶ್ವರನು (1068-1076) ಭುವನೈಕಮಲ್ಲನೆಂದೂ, ಇಮ್ಮಡಿ ಜಗದೇಕಮಲ್ಲನು (1138-1151) 'ಶ್ರೀ ಜಗದೆ' ಎಂದೂ ತಮ್ಮನ್ನು ಸೂಚಿಸಿಕೊಂಡಿದ್ದಾರೆ. ಲಿಪಿಯು ಕನ್ನಡ, ಕೆಲವೆಡೆ ನಾಗರಿಯೂ ಉಂಟು. ಬೆರಳತುದಿಯಷ್ಟು ಜಾಗದಲ್ಲಿ ಅಕ್ಷರಗಳನ್ನು ಇಷ್ಟು ದುಂಡಾಗಿ, ಇಷ್ಟು ನಿಚ್ಚಳವಾಗಿ ಕೊರೆದ ಉಳಿಯ ಕೈಗೂ, ಲಕ್ಕುಂಡಿಯ ಕಾಶೀವಿಶ್ವೇಶ್ವರ ದೇವಾಲಯದ ಬಾಗಿಲುವಾಡದ ಕಂಡರಣೆಗೂ ಇರುವ ಸೋದರಸಂಬಂಧವು ನೋಡುವ ಕಣ್ಣಿಗೆ ತಾನಾಗಿ ಗೋಚರಿಸುತ್ತದೆ.

ಬಿರುದು ಮಾತ್ರವಿದ್ದು ಹೆಸರಿಲ್ಲದಿರುವುದರಿಂದ ಉಂಟಾಗುವ ತೊಡಕು ಸಾಮಾನ್ಯವಾದುದಲ್ಲ. ಜಗದೇಕಮಲ್ಲನೆಂಬುದು ಇಮ್ಮಡಿ ಜಯಸಿಂಹನ ಬಿರುದೂ ಹೌದು. ನೂರು ವರ್ಷಗಳ ತರುವಾಯ ಆಳಿದ ಅವನ ವಂಶಜನಿಗೆ ಅದೇ ಹೆಸರಾಯಿತು. ತ್ರೈಲೋಕ್ಯಮಲ್ಲನೆಂಬುದು ಮೊದಲನೆಯ ಸೋಮೇಶ್ವರನದು. ಅವನ ಮಗನೂ ಆರನೆಯ ವಿಕ್ರಮಾದಿತ್ಯನ ತಮ್ಮನೂ ಆಗಿ ಬೆಳ್ವೊಲ-ಪುಲಿಗೆರೆಗಳನ್ನು ಆಳಿದ ಜಯಸಿಂಹನು ತ್ರೈಲೋಕ್ಯಮಲ್ಲ ವೀರನೊಳಂಬ ಪಲ್ಲವ ಪೆರ್ಮಾನಡಿಯೆನಿಸಿಕೊಂಡನು. 12ನೆಯ ಶತಮಾನದ ಮೂರನೆಯ ತೈಲಪನೂ ತ್ರೈಲೋಕ್ಯಮಲ್ಲನೇ. ತ್ರಿಭುವನಮಲ್ಲನೆಂದರೆ ಆರನೆಯ ವಿಕ್ರಮಾದಿತ್ಯ. ವಂಶದ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರನೂ ಅದನ್ನೇ ಧರಿಸಿದನು. ಕಲ್ಲಿನ ಶಾಸನದಲ್ಲಿ ಶಕವರ್ಷವೋ ಚಾಲುಕ್ಯವಿಕ್ರಮವರ್ಷವೋ ಇರುವುದರಿಂದ ಯಾವ ತ್ರಿಭುವನಮಲ್ಲನೆಂಬ ಸಂದೇಹಕ್ಕೆ ಎಡೆಯಿಲ್ಲ; ನಾಣ್ಯದಲ್ಲಿಯಾದರೋ ಅಕ್ಷರಗಳ ತಿರುವು, ಚಿನ್ನದ ಬಣ್ಣ, ಜೊತೆಯಲ್ಲಿ ದೊರೆತ ಇತರ ನಾಣ್ಯಗಳು, ಇವುಗಳ ಆಧಾರದಿಂದಲೇ ನಿರ್ಣಯಕ್ಕೆ ಬರಬೇಕಾಗುತ್ತದೆ. ಆದುದರಿಂದ ನಾಣ್ಯಶಾಸ್ತ್ರಕ್ಕೆ ಒಂದು ಬಿಡಿ ಹೊನ್ನಿಗಿಂತ ಕದಡದೆ ದೊರೆತ ಒಂದು ನಿಧಿಯ ಮಡಕೆ ನೂರ್ಮಡಿ ಬೆಲೆಯುಳ್ಳದು. ಲಕ್ಕುಂಡಿಯ ಹೊಲಗಳಲ್ಲಿ ಮಳೆ ಬಂದು ಹೋದ ಮೇಲೆ ಚಿನ್ನದ ತುಣುಕು, ಮಣಿಗಳು ಸಿಕ್ಕುವುವೆಂಬ ಮಾತು ಜನರಲ್ಲಿ ಬಹುಕಾಲದಿಂದ ಇದೆ. ಹೀಗೆ ಸಿಕ್ಕುದನ್ನು ಮೂಸೆಗೆ ಹಾಕಿ ಕರಗಿಸಿದಾಗ ಚಿನ್ನವು ಉಳಿದರೂ ಚರಿತ್ರೆಯು ಅಳಿಯುತ್ತದೆ. 1878ರ ಭಾರತೀಯ ನಿಧಿ ಕಾಯಿದೆಯೂ, ಅನಂತರ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ 1962ರ ಕಾಯಿದೆಯೂ ನೆಲದಲ್ಲಿ ದೊರೆತುದನ್ನು ಸರಕಾರಕ್ಕೆ ತಿಳಿಸಬೇಕೆಂದು ವಿಧಿಸಿರುವುದು ಈ ನಷ್ಟವನ್ನು ತಡೆಯುವ ದೃಷ್ಟಿಯಿಂದ ಅತ್ಯಾವಶ್ಯಕವಾದುದು.

ಕಲ್ಲಿನ ಶಾಸನಗಳು ನಾಣ್ಯದ ಬಾಳುವೆಯನ್ನು, ಎಂದರೆ ಅದು ಯಾರ ಕೈಯಿಂದ ಯಾರ ಕೈಗೆ ಯಾವ ಕಾರ್ಯಕ್ಕಾಗಿ ಹೋಯಿತೆಂಬುದನ್ನು ತಿಳಿಸುತ್ತವೆ. ಸತ್ಯಾಶ್ರಯ ಇರಿವಬೆಡಂಗನ ಆಳ್ವಿಕೆಯಲ್ಲಿ, 1007ರಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯು ಲೊಕ್ಕಿಗುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ರನ್ನಕವಿಗೆ ಆಶ್ರಯವಿತ್ತು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಈ ಮಹಾದಾನಿಯ ಔದಾರ್ಯದ ಹಿಂದೆ ಈ ಊರಿನ ಸಂಪತ್ತು ನಿಂತಿದೆ. ಆಮೇಲಿನ ಎರಡು ಶತಮಾನಗಳಲ್ಲಿ ಗದಗಿನ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮನಾಥ, ಸೂಡಿಯ ದೇವಾಲಯಗಳು ಮೊದಲಾದುವುಗಳಿಗೆ ಸಂದ ದತ್ತಿಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ದಾನಿಯು ಮೂಲಧನದ ಹೊನ್ನನ್ನು ಮಹಾಜನರಲ್ಲಿಯೋ ಒಂದು ಸಮಯದವರಲ್ಲಿಯೋ ಇಡುವನು; ಅದರ ಬಡ್ಡಿಯಿಂದ ನಂದಾದೀವಿಗೆಯೋ ವಿದ್ಯಾರ್ಥಿಗಳ ಊಟವೋ ನಡೆಯಬೇಕು; ಮೂಲವು ಮುಟ್ಟದಂತೆ ಚಂದ್ರಾರ್ಕವಿರುವವರೆಗೆ ಉಳಿಯಬೇಕು. ಈ ವ್ಯವಸ್ಥೆ ನಿಲ್ಲಬೇಕಾದರೆ ಹೊನ್ನಿನ ತೂಕವೂ ಬಣ್ಣವೂ ತಲೆಮಾರುಗಳುದ್ದಕ್ಕೂ ವಿಶ್ವಸನೀಯವಾಗಿರಬೇಕು. ದಾನಶಾಸನದಲ್ಲಿ ಬರಿಯ ಗದ್ಯಾಣವೆನ್ನದೆ 'ಲೊಕ್ಕಿ ಗದ್ಯಾಣ'ವೆಂದು ನಿರ್ದಿಷ್ಟವಾಗಿ ನಮೂದಿಸಿರುವುದರ ಕಾರಣವು ಇದೇ. ಕಮ್ಮಟದ ಹೆಸರು ಸ್ವತಃ ಒಂದು ಒರೆಯಾಗಿ ಪರಿಣಮಿಸಿತ್ತು.

ಇಲ್ಲಿಯೇ ಪೆಟ್ರಾದ ಕಂಚಿನ ನಾಣ್ಯಕ್ಕೂ ಲೊಕ್ಕಿಗುಂಡಿಯ ಹೊನ್ನಿಗೂ ಇರುವ ಅಂತರವು ಸ್ಪಷ್ಟವಾಗುತ್ತದೆ. ನಬತೀಯ ದೊರೆಯ ಹೆಸರು ಪೇಟೆಯ ಬೀದಿಯಲ್ಲಿ ದಿನನಿತ್ಯ ಕೈಬದಲಾಗುವ ಅಗ್ಗದ ನಾಣ್ಯದ ಮೇಲಿತ್ತು. ಚಾಲುಕ್ಯ ಚಕ್ರವರ್ತಿಯ ಬಿರುದು ಭೂಮಿ, ದತ್ತಿ, ತೆರಿಗೆ, ದೊಡ್ಡ ವ್ಯಾಪಾರಗಳಲ್ಲಿ ಮಾತ್ರ ತೋರಿಬರುವ ಚಿನ್ನದ ಮೇಲಿತ್ತು. ಸಂತೆಯ ಸಣ್ಣ ವ್ಯವಹಾರವು ಬಹುಪಾಲು ಧಾನ್ಯದ ಅಳತೆಯಿಂದಲೇ ಸಾಗುತ್ತಿತ್ತು. ಗಾಣಿಗನು ಗಾಣವೊಂದಕ್ಕೆ ಸೊಲ್ಲಿಗೆ ಎಣ್ಣೆಯನ್ನೂ, ಎಲೆಯ ವ್ಯಾಪಾರಿಯು ಹೇರಿಗೆ ಇಷ್ಟು ಎಲೆಯನ್ನೂ, ಒಕ್ಕಲಿಗನು ಕೊಳಗದಿಂದ ಅಳೆದ ಜೋಳವನ್ನೂ ದೇವರಿಗೆ ಬಿಟ್ಟುಕೊಟ್ಟ ಉಲ್ಲೇಖಗಳು ಇದೇ ಶಾಸನಗಳಲ್ಲಿ ಹೊನ್ನಿನ ಲೆಕ್ಕದ ಬೆನ್ನಿಗೇ ಬರುತ್ತವೆ.

ಚಾಲುಕ್ಯರ ಸಾಮಂತರೂ ಉತ್ತರಾಧಿಕಾರಿಗಳೂ ಬಿರುದಿನ ಪದ್ಧತಿಯನ್ನು ಬಗೆಬಗೆಯಾಗಿ ಬೆಳೆಯಿಸಿದರು. ಕಳಚುರಿ ರಾಯಮುರಾರಿ ಸೋವಿದೇವನು 'ಮುರಾರಿ' ಎಂದೂ, ಕರಾವಳಿಯ ಆಳುಪರು 'ಶ್ರೀ ಪಾಂಡ್ಯ ಧನಂಜಯ'ನೆಂದೂ ಬರೆಯಿಸಿದರು. ಗೋವೆಯ ಕದಂಬರು ತಮ್ಮ ಕುಲದೇವರಾದ ಸಪ್ತಕೋಟೀಶ್ವರನ ವರಪ್ರಸಾದವನ್ನು ಸ್ಮರಿಸಿ, ಜಯಕೇಶಿದೇವನಿಗೆ 'ಮಲವರಮಾರಿ' ಎಂಬ ಅಚ್ಚಕನ್ನಡ ಬಿರುದನ್ನು ನಾಗರಿಯಲ್ಲಿ ಹೊಂದಿಸಿದರು. ಹೊಯ್ಸಳ ವಿಷ್ಣುವರ್ಧನನ 'ಶ್ರೀ ತಳಕಾಡುಗೊಂಡ', 'ಶ್ರೀ ನೊಣಂಬವಾಡಿಗೊಂಡ' ಎಂಬ ಲೇಖಗಳು ಇವೆಲ್ಲವುಗಳಲ್ಲಿಯೂ ಶ್ರೇಷ್ಠವಾದುವೆಂದು ಹೇಳಬೇಕು: ಚಾಲುಕ್ಯರ ಬಿರುದುಗಳು ಮೂರು ಲೋಕಗಳನ್ನು ಗೆದ್ದ ಮಲ್ಲನ ಸಾಮಾನ್ಯ ಸ್ತುತಿಯಾದರೆ, ಇವು ಇಂತಹ ಊರನ್ನು, ಇಂತಹ ನಾಡನ್ನು ಗೆದ್ದನೆಂಬ ಚಾರಿತ್ರಿಕ ಸಂಗತಿಯನ್ನು ನುಡಿಯುತ್ತವೆ, ಎರಡು ಅಚ್ಚುಗಳ ನಡುವೆ ಒತ್ತಿದ ಈ ನಾಣ್ಯಗಳಲ್ಲಿ ಕನ್ನಡ ಅಕ್ಷರಗಳು ಹಿಂಬದಿಯನ್ನು ಪೂರ್ಣವಾಗಿ ಆಕ್ರಮಿಸಿ ಸಾಲುಸಾಲಾಗಿ ನಿಂತಿವೆ.

ಹೊಯ್ಸಳರ ಕಥೆಯು ಲೊಕ್ಕಿಗುಂಡಿಗೂ ಬಂದು ಸೇರುತ್ತದೆ. ಇಮ್ಮಡಿ ಬಲ್ಲಾಳನು ಸೇವುಣರ ಐದನೆಯ ಭಿಲ್ಲಮನ ಸೈನ್ಯವನ್ನು ಗದಗಿನ ಸಮೀಪದ ಸೊರಟೂರಿನಲ್ಲಿ ಸೋಲಿಸಿ, ಬೆಳ್ವೊಲವನ್ನು ವಶಪಡಿಸಿಕೊಂಡು, ಲೊಕ್ಕಿಗುಂಡಿಯನ್ನೇ ತನ್ನ ನೆಲೆವೀಡನ್ನಾಗಿ ಮಾಡಿಕೊಂಡನು. ಗದಗಿನ ತ್ರಿಕೂಟೇಶ್ವರನಿಗೆ ಅವನಿತ್ತ ದತ್ತಿಯ 1192ರ ಶಾಸನವು ಈ ಉಚ್ಛ್ರಾಯದ ಸಾಕ್ಷಿ. ಕಮ್ಮಟವೂ ಕೋಶವೂ ಇದ್ದ ಊರನ್ನು ವಿಜೇತನು ನೆಲೆವೀಡಿಗೆ ಆರಿಸಿಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. 13ನೆಯ ಶತಮಾನದಲ್ಲಿ ಸೇವುಣ ಸಿಂಘಣನು ಈ ನಾಡನ್ನು ಮತ್ತೆ ಗೆದ್ದುಕೊಂಡನು. ಸೇವುಣರ ಪದ್ಮಟಂಕಗಳಲ್ಲಿ ನಡುವೆ ಎಂಟೆಸಳಿನ ತಾವರೆಯೂ, ಅದರ ಸುತ್ತ ಬಿಡಿಮುದ್ರೆಗಳೂ, ಸಿಂಘಣ, ಕನ್ಹರ, ಮಹಾದೇವ, ರಾಮಚಂದ್ರರ ಹೆಸರುಗಳೂ ಇವೆ. ಬಿರುದು ಹಿಂದೆ ಸರಿದು ಹೆಸರು ಮುಂದೆ ಬಂದ ಈ ಮಾರ್ಪಾಡಿನಿಂದ ಚರಿತ್ರಕಾರನ ಕೆಲಸವು ಬಹಳ ಸುಗಮವಾಯಿತು.

ಈ ನಾಣ್ಯಗಳ ಅಧ್ಯಯನಕ್ಕೆ ತಳಹದಿಯನ್ನು ಹಾಕಿದವರು ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಬಂಡಾ‍ಯದಲ್ಲಿ ಸೆರೆಸಿಕ್ಕು ಬಿಡುಗಡೆಯಾದ ಈ ಅಧಿಕಾರಿ ಧಾರವಾಡ ಸೀಮೆಯಲ್ಲಿ ಊರೂರು ಅಲೆದು 595 ಶಾಸನಗಳ ಪ್ರತಿಗಳನ್ನು ಮಾಡಿಸಿದರು. ದಕ್ಷಿಣಭಾರತದ ನಾಣ್ಯಗಳನ್ನು ಕುರಿತ ಅವರ ಗ್ರಂಥವು 1886ರಲ್ಲಿ ಪ್ರಕಟವಾಯಿತು. ಒಬ್ಬನೇ ವಿದ್ವಾಂಸನು ಕಲ್ಲನ್ನೂ ಹೊನ್ನನ್ನೂ ಸಮಾನ ಶ್ರದ್ಧೆಯಿಂದ ಸಂಗ್ರಹಿಸಿದುದು ಈ ಶಾಸ್ತ್ರದ ಭಾಗ್ಯವೇ ಸರಿ. ಫ್ಲೀಟ್ ಅವರು ಗದಗ, ಡಂಬಳಗಳ ಶಾಸನಗಳನ್ನೂ, ಬಾರ್ನೆಟ್ ಅವರು ಸೂಡಿ, ಲಕ್ಷ್ಮೇಶ್ವರಗಳ ಶಾಸನಗಳನ್ನೂ ಸಂಪಾದಿಸಿ ಅರಸರ ಕಾಲಾನುಕ್ರಮವನ್ನು ಸ್ಥಿರಪಡಿಸಿದರು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಿಂದ ಈ ಭಾಗದ ಪ್ರಾಚ್ಯವಸ್ತುಗಳನ್ನು ಕೂಡಿಡುತ್ತ ಬಂದಿದೆ, ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನೆಲ್ಲ ಒಂದೇ ಗ್ರಂಥದಲ್ಲಿ ವಿವೇಚಿಸಿದರು.

ಸೇವುಣರ ಪತನದ ಅನಂತರ ಲೊಕ್ಕಿಗುಂಡಿಯ ಕಮ್ಮಟದ ಪ್ರಾಧಾನ್ಯವು ಅಳಿಯಿತು. ವಿಜಯನಗರದ ವರಾಹಗಳಲ್ಲಿ ನಾಗರಿಯು ಪ್ರಬಲವಾಗಿ, ಕನ್ನಡವು ಹೆಚ್ಚಾಗಿ ತಾಮ್ರದ ನಾಣ್ಯಗಳಿಗೆ ಇಳಿಯಿತು. ಬಿಜಾಪುರದ ಆದಿಲಶಾಹಿಗಳ ಕಾಲಕ್ಕೆ ಪಾರಸಿಯೂ, ಕೆಳದಿಯವರ ಇಕ್ಕೇರಿ ಹೊನ್ನುಗಳ ನಾಗರಿಯೂ ಈ ಪೇಟೆಗಳಲ್ಲಿ ಚಲಾವಣೆಗೆ ಬಂದುವು. ಟಿಪ್ಪುಸುಲ್ತಾನನು ಧಾರವಾಡಕ್ಕೆ ಖುರ್ಷಿದ್ ಸವಾದ್ ಎಂದು ಹೆಸರಿಟ್ಟು ಅಲ್ಲಿ ನಾಣ್ಯ ಒತ್ತಿಸಿದನು. ಮುಂದೆ ಲಕ್ಷ್ಮೇಶ್ವರವು ಮಿರಜಿನ, ಶಿರಹಟ್ಟಿಯು ಸಾಂಗ್ಲಿಯ ಪಟವರ್ಧನರ ಕೈಯಲ್ಲಿದ್ದಾಗ, 1835ರಲ್ಲಿ, ಕಂಪನಿ ಸರಕಾರದ ಏಕರೂಪದ ರೂಪಾಯಿಯು ಬಂದು, ಸ್ಥಳೀಯ ಹೊನ್ನು-ರೂಪಾಯಿಗಳ ವೈವಿಧ್ಯವು ಕ್ರಮೇಣ ಇಲ್ಲವಾಯಿತು. ದೊರೆಯ ಆಜ್ಞೆಯಿಂದ ಕನ್ನಡ ಅಕ್ಷರಗಳನ್ನು ಲೋಹದ ಮೇಲೆ ಒತ್ತುವ ಪರಂಪರೆಯಾದರೋ ಮೈಸೂರಿನಲ್ಲಿ ಇನ್ನೂ ಕೆಲಕಾಲ ಉಳಿಯಿತು: ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ 'ಶ್ರೀ ಚಾಮುಂಡಿ' ಎಂದೂ 'ಮಯಿಲಿ ಕಾಸು' ಎಂದೂ ಕನ್ನಡದಲ್ಲಿ ಬರೆದಿದೆ. ಆ ನಾಣ್ಯಗಳ ಟಂಕಸಾಲೆಯು 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ವರ್ಗವಾಗಿ, 1843ರಲ್ಲಿ ಮುಚ್ಚಿತು.